ಮೆಟ್ಟಿದರೆ ಒಂದು ಹುಲ್ಲು, ಮೆಟ್ಟದಿದ್ದರೆ ಇನ್ನೊಂದು

ನೆಲದ ವಿಷಯ ನನಗೆ ಗೊತ್ತು ಎಂಬ ಭ್ರಮೆ ಬಹಳ ಕಾಲ ಇತ್ತು. ಮುಂಬೈಯಲ್ಲಿ ಹೋಟೆಲ್ ನಡೆಸಿದವನು ನಾನು. ಗಿರಾಕಿಗಳು ಎದ್ದ ಮೇಲೆ ಫಿನಾಯಿಲ್ ಹಾಕಿ ಒರೆಸಿದರೆ ಆಯಿತು, ಆ ನೆಲದೊಳಗಿಂದ ಏನೂ ಎದ್ದು ಬರುತ್ತಿರಲಿಲ್ಲ. ಹೋಟೆಲನ್ನು ತಮ್ಮನಿಗೆ ಬಿಟ್ಟು ಊರಿಗೆ ಬಂದು ಹಟ್ಟಿಯಂಗಡಿ ಹತ್ತಿರ ಮನೆ ಕಟ್ಟಿಕೊಂಡ ಮೇಲೆ ಅಂಗಳ ಎಂಬುದೊಂದು ಸಿಕ್ಕಿತು, ಅದರ ಜೊತೆಗೆ ಹುಲ್ಲೂ ಸಿಕ್ಕಿತು. ಅಂದಿನಿಂದ ನನಗೆ ಯಾವುದೂ ಸರಿಯಾಗಿ ಗೊತ್ತಾಗುತ್ತಿಲ್ಲ.

ಅಂಗಳಕ್ಕೆ ಕೆಂಪು ಮಣ್ಣು ಹಾಕಿಸಿ, ಕೆಸರಾಗದಿರಲಿ ಎಂದು ರೋಲರ್ ಓಡಿಸಿದ್ದೆ. ನೆಲ ಕಲ್ಲಿನಂತಾಯಿತು. ಇಲ್ಲಿ ಗರಿಕೆಯೂ ಹುಟ್ಟಲಾರದು ಅಂದುಕೊಂಡೆ. ಗರಿಕೆ ಹುಟ್ಟಲಿಲ್ಲ, ನಿಜ. ಮೊದಲ ಮಳೆಗೆ ಬೇರೊಂದು ಬಂತು. ಬುಡ ಬೆಳ್ಳಗೆ, ಸೈಕಲ್ ಚಕ್ರದ ಕಡ್ಡಿಗಳಂತೆ ಸುತ್ತ ಚಾಚಿ ನೆಲಕ್ಕೆ ಅಂಟಿ ಮಲಗುವ ಹುಲ್ಲು. ತೆನೆ ನೋಡಿದರೆ ರಾಗಿಯ ಬಡ ನೆಂಟ. ಕೀಳಲು ಹೋದರೆ ಎಲೆ ಮಾತ್ರ ಕೈಗೆ ಬರುತ್ತದೆ. ಅದು ಬಂದದ್ದಾದರೂ ಎಲ್ಲಿ? ಸ್ಕೂಟರ್ ನಿಲ್ಲಿಸುವ ಜಾಗದಲ್ಲಿ, ಮತ್ತೆ ಗಿರಿಜಕ್ಕ ನಡೆಯುವ ದಾರಿಯಲ್ಲಿ!

ಗಿರಿಜಕ್ಕ ನಮ್ಮ ಹಿಂದಿನ ಮನೆಯವರು. ಅವರ ಮನೆಗೆ ಗಾಡಿ ಹೋಗುವ ರಸ್ತೆಯಿಲ್ಲ. ಬಸ್ಸಿಗೆ, ಅಂಗಡಿಗೆ, ಡೈರಿಗೆ ನಮ್ಮ ಅಂಗಳ ದಾಟಿಯೇ ಹೋಗುತ್ತಾರೆ. ದಾಟುವಾಗ ಜಗಲಿಯಲ್ಲಿ ಕೂತು ನನ್ನ ಹೆಂಡತಿ ಸುಮತಿಯ ಹತ್ತಿರ ಊರಿನ ಸುದ್ದಿಯನ್ನೆಲ್ಲ ಇಳಿಸಿ ಹಗುರಾಗುತ್ತಾರೆ.

ಹುಲ್ಲು ಕೊಚ್ಚುವ ಮೆಷಿನ್ ತಂದೆ. ನೆಟ್ಟಗೆ ನಿಂತ ಪಾಪದ ಗಿಡಗಳೆಲ್ಲ ತಲೆ ಕಳೆದುಕೊಂಡವು. ಈ ಹುಲ್ಲು ಮಲಗಿದಲ್ಲೇ ಮಲಗಿತ್ತು; ಬ್ಲೇಡು ಅದರ ಮೇಲಿಂದ ಹಾದುಹೋಯಿತು. ಎದುರಿನ ಹೋಟೆಲ್ ಮುಚ್ಚಿದ ಮೇಲೆ ಆಗುವಂತೆ, ಆಮೇಲೆ ಅದರದ್ದೇ ವ್ಯಾಪಾರ.

ಬ್ರಹ್ಮಾವರದ ಕಡೆ ಕೃಷಿ ಪಾಠ ಹೇಳುವ ನನ್ನ ಅಕ್ಕನ ಮಗ ಸತೀಶ ಒಮ್ಮೆ ಬಂದವನು ಬಗ್ಗಿ ನೋಡಿದ. "ಮಾವ, ಒತ್ತಿದ್ ಮಣ್ಣಂಗೆ ಗಾಳಿ ಆಡುದಿಲ್ಲ. ಬಾಕಿ ಗಿಡದ್ ಬೇರಿಗ್ ಉಸ್ರ್ ಕಟ್ಟತ್ತ್. ಇದ್ಕ್ ಅದೇ ಆರಾಮ್."

"ಹಾಂಗಾರೆ ನಾವ್ ಮೆಟ್ಟುದೇ ಅದ್ಕ್ ಗೊಬ್ರವಾ?"

"ಹೆಚ್ಚು ಕಮ್ಮಿ ಹಾಂಗೇ. ಮಣ್ಣ್ ಸಡ್ಲ ಮಾಡಿ, ಮೆಟ್ಟುದ್ ನಿಲ್ಸಿ."

ಪಿಕ್ಕಾಸು ಹಿಡಿದು ಆ ಜಾಗವನ್ನೆಲ್ಲ ಅಗೆದು ಸುತ್ತ ಹಗ್ಗ ಕಟ್ಟಿದೆ. ಮಲಗುವ ಹುಲ್ಲು ನಿಜಕ್ಕೂ ಮಾಯವಾಯಿತು. ಅದರ ಬದಲಿಗೆ ಮೊಣಕಾಲೆತ್ತರದ ಹುಲ್ಲು, ನಡುನಡುವೆ ನಾಚಿಕೆ ಮುಳ್ಳು, ಹೆಸರೇ ಗೊತ್ತಿಲ್ಲದ ಏನೇನೋ ಎದ್ದವು. ಗೆದ್ದೆನೋ ಸೋತೆನೋ ತಿಳಿಯದೆ ದಿನಾ ಹಗ್ಗದ ಈಚೆ ನಿಂತು ನೋಡುತ್ತಿದ್ದೆ.

ಒಂದು ಮಧ್ಯಾಹ್ನ ಸುಮತಿ ಕಣ್ಣು ಕೆಂಪು ಮಾಡಿಕೊಂಡು ಬಂದಳು. "ಹ್ವಾಯ್, ನಿಮ್ಗ್ ಹುಲ್ಲ್ ಒಂದೇ ಕಾಂಬುದಾ? ಗಿರಿಜಕ್ಕನ್ ಮೊಮ್ಮಗಳ್ ನಾಮಕರಣ ಅಂಬ್ರ್. ಊರಿಗೆಲ್ಲ ಬಪ್ಪುಕ್ ಹೇಳಿಕೆ ಆಯ್ತ್. ನಮ್ಗ್ ಮಾತ್ರ ಇಲ್ಲ. ಅವ್ರ್ ಈಗ ತೋಡಿನ್ ಬದಿಯಂಗ್ ಸುತ್ತ್ ಹಾಕಿ ಹೋತ್ರ್."

ಆಗ ಹೊಳೆಯಿತು, ಗಿರಿಜಕ್ಕನನ್ನು ನೋಡದೆ ಎಷ್ಟೋ ದಿನವಾಗಿತ್ತು. ಆ ಮಗು ಹುಟ್ಟುವ ಮೊದಲೇ ಅದಕ್ಕೆ ಕುಲಾವಿ ಹೆಣೆದಿಟ್ಟವಳು ಸುಮತಿ. ನಾನು ಚಪ್ಪಲಿ ಮೆಟ್ಟಿಕೊಂಡು ಹೊರಟೆ.

ಗಿರಿಜಕ್ಕ ಮುಖ ನೋಡದೆ ಮಣೆ ತಳ್ಳಿದರು. "ಗಿರಿಜಕ್ಕ, ನಾನ್ ಹಗ್ಗ ಕಟ್ಟಿದ್ದ್ ಹುಲ್ಲಿಗೆ" ಎಂದೆ.

"ಹುಲ್ಲ್ ಎಲ್ಲಿಗ್ ನಡ್ಕಂಡ್ ಹೋತಿತ್ತ್? ಅಲ್ಲಿ ನಡುದ್ ನಾನೊಬ್ಳೇ ಅಲ್ದಾ?"

ಮಣ್ಣಿನ ಗಾಳಿ, ಬೇರಿನ ಉಸಿರು ಎಂದು ಏನೇನೋ ಹೇಳಿದೆ. ಜ್ವರ ಬಂದವನ ಮಾತು ಕೇಳುವಂತೆ ಅವರು ಕೇಳಿದರು. ಕೊನೆಗೆ ಸೆರಗು ಬಾಯಿಗಿಟ್ಟುಕೊಂಡು ನಕ್ಕೇಬಿಟ್ಟರು. "ಇಷ್ಟೆಲ್ಲ ಮುಂಬಯಂಗ್ ಕಲ್ತ್ರ್ಯಾ ಮಾರಾಯ್ರೆ? ನಂಗ್ ದಾರಿ ಕಟ್ಟಿದ್ರಿ ಅಂದೇಳಿ ಬೇಜಾರಾಯಿತ್ತ್. ನಾಡ್ದಿಗ್ ಇಬ್ರೂ ಬರ್ಕ್. ಸುಮತಿ ನಾಳೆಯೇ ಬರ್ಕ್."

ಮನೆಗೆ ಬಂದವನೇ ಹಗ್ಗ ಬಿಚ್ಚಿ, ಎದ್ದ ಹುಲ್ಲನ್ನೆಲ್ಲ ಕೊಚ್ಚಿದೆ. ನಾಮಕರಣದ ದಿನ ಗಂಗೊಳ್ಳಿಯಿಂದ, ಬೈಂದೂರಿನಿಂದ ಬಂದ ನೆಂಟರ ಗಾಡಿಗಳಿಗೆ ನಮ್ಮ ಅಂಗಳವೇ ಗತಿ. ಮೊದಲು ಬಂದ ರಿಕ್ಷಾ ನಾನು ಸಡಿಲ ಮಾಡಿದ ಮಣ್ಣಿನಲ್ಲೇ ಹೂತಿತು. ಒಳಗಿದ್ದ ಅಜ್ಜಿ ಬೊಬ್ಬೆ ಹೊಡೆದರು. ಎಲ್ಲರೂ ಸೇರಿ ರಿಕ್ಷಾ ಎತ್ತಿ, ಕೆಂಪು ಮುರಕಲ್ಲಿನ ಚೂರು ಸುರಿದು, ಸಾಲಾಗಿ ನಿಂತು ಕಾಲಿನಿಂದ ಗುದ್ದಿದೆವು. ಹೊಸ ಪಂಚೆ ಎತ್ತಿ ಕಟ್ಟಿ ನಡುವೆ ನಿಂತು, "ಇನ್ನೂ ಗಟ್ಟಿ ಮೆಟ್ಟಿ! ಇನ್ನೂ ಗಟ್ಟಿ!" ಎಂದು ಕೂಗುತ್ತಿದ್ದವನು ನಾನೇ.

ಮುಂದಿನ ಮಳೆಗೆ ಅಲ್ಲಿ ಯಾವುದು ಏಳುತ್ತದೋ ಗೊತ್ತಿಲ್ಲ. ಯಾರೂ ಮೆಟ್ಟದ ನೆಲವೇ ಬೇಕಿದ್ದರೆ ನೆರೆಯವರಿಲ್ಲದ ಕಡೆ ಮನೆ ಕಟ್ಟಬೇಕಿತ್ತು. ಅಲ್ಲೂ ಏನೋ ಒಂದು ಹುಟ್ಟುತ್ತಿತ್ತು. ಅದರ ಬಗ್ಗೆ ಜಗಳ ಮಾಡಲು ಯಾರೂ ಇರುತ್ತಿರಲಿಲ್ಲ, ಅಷ್ಟೆ.