ಹನ್ನೆರಡು ಭಾನುವಾರಗಳ ಶಾಟ್

ಕಾಲೇಜಿನಲ್ಲಿ ಟಿವಿ, ಸಿನಿಮಾ ಓದಿ ನಿನಗೇನು ಸಿಕ್ಕಿತು ಎಂದು ಈಗಲೂ ಕೇಳುತ್ತಾರೆ. ಕಣ್ಣು ಸಿಕ್ಕಿತು ಎನ್ನುತ್ತೇನೆ. ಕೇಳಿದವರು ತಲೆಯಾಡಿಸುತ್ತಾರೆ. ಆ ಕಣ್ಣಿಗೆ ಮೊದಲು ಕಂಡದ್ದೇನು, ಕಂಡ ಮೇಲೆ ನಾನು ಮಾಡಿದ್ದೇನು ಎಂಬುದನ್ನು ಮಾತ್ರ ಯಾರಿಗೂ ಹೇಳಿಲ್ಲ.

ಗಣಿಯ ಭರಾಟೆ ಜೋರಾಗಿದ್ದ ವರ್ಷಗಳು. ಹೊಸಪೇಟೆಯ ನಮ್ಮ ಕಾಲೇಜಿಗೆ ಟಿವಿ, ಸಿನಿಮಾದ ವಿಷಯ ಆಗಷ್ಟೇ ಬಂದಿತ್ತು. ಸೇರಿದ ದಿನ ಅಪ್ಪ ಬೈದರು. “ಬಿ.ಕಾಂ ಮಾಡಿದ್ರ ಯಾವುದಾರ ಗಣಿ ಆಫೀಸಿನ್ಯಾಗ ಕುಂದ್ರತಿದ್ದಿ. ಊರಿಗೆಲ್ಲಾ ಒಂದು ದಾರಿ ಆದ್ರ ನಿನಗೊಂದು ದಾರಿ.” ನಾನೇನು ಕಡಿಮೆ ಹಟಮಾರಿಯೇ? ಮೂರು ದಿನ ಉಣ್ಣದೆ ಕೂತು ಒಪ್ಪಿಸಿದೆ.

ಕೊನೆಯ ವರ್ಷ ಮೇಷ್ಟ್ರು ಒಂದು ಕೆಲಸ ಕೊಟ್ಟರು. ಕ್ಯಾಮೆರಾವನ್ನು ಒಂದೇ ಜಾಗದಲ್ಲಿಟ್ಟು ಹನ್ನೆರಡು ವಾರ, ವಾರಕ್ಕೊಂದು ನಿಮಿಷ ಚಿತ್ರಿಸಬೇಕು. ಎದುರಿಗೆ ಒಬ್ಬರು ಕೂತಿರಬೇಕು. ಅವರು ಕದಲಬಾರದು, ಉಟ್ಟ ಬಟ್ಟೆ ಬದಲಾಗಬಾರದು. ಕೊನೆಗೆ ಹನ್ನೆರಡನ್ನೂ ಜೋಡಿಸಿ ನೋಡಿದರೆ ಸುತ್ತಮುತ್ತ ಬದಲಾಗಿದ್ದು ತಾನೇ ಕಾಣುತ್ತದೆ ಎಂದರು.

ನಾನು ಅತ್ತೆಯನ್ನು ಆರಿಸಿಕೊಂಡೆ. ಅಪ್ಪನ ಅಕ್ಕ. ಗಂಡ ಹೋದ ಮೇಲೆ ಸಂಡೂರು ತಾಲ್ಲೂಕಿನ ಒಂದು ಹಳ್ಳಿಯ ಕೊನೆಯ ಮನೆಯಲ್ಲಿ ಎಮ್ಮೆಯೊಂದನ್ನು ಕಟ್ಟಿಕೊಂಡು, ಹಾಲು ಮಾರಿಕೊಂಡು, ಯಾರ ಮಾತಿಗೂ ಬಗ್ಗದೆ ಇದ್ದವಳು. ಮನೆಯ ಹಿಂದೆಯೇ ಗುಡ್ಡ. ಅದರ ಮೇಲೊಂದು ಗಣಿ. ಅದಿರು ತೆಗೆದು ಉಳಿದ ಮಣ್ಣನ್ನು ಅವರು ಇಳಿಜಾರಿಗೆ ಸುರಿಯುತ್ತಿದ್ದರು. ಆ ಕೆಂಪು ರಾಶಿಯನ್ನು ಊರವರು ಡಂಪು ಎನ್ನುತ್ತಿದ್ದರು.

ಪ್ರತಿ ಭಾನುವಾರ ಕಾಲೇಜಿನ ಕ್ಯಾಮೆರಾ ಹೊತ್ತು ಬಸ್ಸು ಹತ್ತುತ್ತಿದ್ದೆ. ಅತ್ತೆ ಅದೇ ಹಸಿರು ಸೀರೆ ಉಟ್ಟು, ತಲೆ ಬಾಚಿಕೊಂಡು, ಮನೆ ಮುಂದಿನ ಕಟ್ಟೆಯ ಮೇಲೆ ಸಿದ್ಧಳಾಗಿರುತ್ತಿದ್ದಳು. ಗುಡ್ಡದಲ್ಲಿ ಮದ್ದು ಸಿಡಿದಾಗ ಒಳಗೆ ಪಾತ್ರೆಗಳು ಗಲಗಲ ಎನ್ನುತ್ತಿದ್ದವು. ನಾನು ಬೆಚ್ಚಿದರೆ ಅವಳು ನಗುತ್ತಿದ್ದಳು. “ಅದು ದಿನಾ ಇದ್ದದ್ದ ಬಿಡು. ನೀ ನಿನ್ನ ಕೆಲಸ ನೋಡು.”

ಹತ್ತು ವಾರವಾದ ಮೇಲೆ ಕಾಲೇಜಿನ ಕಂಪ್ಯೂಟರಿನಲ್ಲಿ ಅಷ್ಟನ್ನೂ ಜೋಡಿಸಿ ಓಡಿಸಿದೆ. ಅತ್ತೆ ಕಲ್ಲಿನಂತೆ ಕೂತಿದ್ದಾಳೆ. ಅವಳ ಹಿಂದೆ ಡಂಪು ನಡೆದು ಬರುತ್ತಿದೆ. ಮೊದಲ ವಾರ ಮನೆಯ ಮಾಳಿಗೆಗೂ ಡಂಪಿಗೂ ನಡುವೆ ಹಸಿರು ಇಳಿಜಾರು ಇತ್ತು. ಐದನೆಯ ವಾರಕ್ಕೆ ಹಸಿರು ಇಲ್ಲ. ಹತ್ತನೆಯ ವಾರ ರಾಶಿಯ ತುದಿ ಮಾಳಿಗೆಯ ಮೇಲೆ ಬಾಗಿ ನಿಂತಿತ್ತು. ಹತ್ತು ಸಲ ಹೋಗಿದ್ದೆ, ಹತ್ತು ಸಲವೂ ಕಣ್ಣಿದ್ದೂ ಕುರುಡಿ. ಜೋರು ಮಳೆ ಬಿದ್ದರೆ ಆ ರಾಶಿ ಮನೆಯ ಮೇಲೆಯೇ ಜಾರುತ್ತದೆ. ಮಳೆಗಾಲ ಹತ್ತಿರವಿತ್ತು.

ಆದರೆ ನಿಜ ಹೇಳಿಬಿಡುತ್ತೇನೆ. ಹೆದರಿಕೆಯ ಜೊತೆಯಲ್ಲೇ ಖುಷಿಯೂ ಆಯಿತು. ಎಂಥ ಶಾಟು! ಇನ್ನೆರಡು ವಾರ ಸಿಕ್ಕರೆ ತರಗತಿಯಲ್ಲಿ ನನ್ನನ್ನು ಮೀರಿಸುವವರಿಲ್ಲ. ಈಗಲೇ ಹೇಳಿದರೆ ಅತ್ತೆ ಜಾಗ ಬಿಟ್ಟಾಳು, ಚಿತ್ರ ಕೆಟ್ಟೀತು. ಬಾಯಿ ಮುಚ್ಚಿಕೊಂಡೆ.

ಹನ್ನೊಂದನೆಯ ವಾರ ಹೋದೆ. ಹನ್ನೆರಡನೆಯ ವಾರವೂ ಹೋದೆ. ಆವತ್ತು ಕ್ಯಾಮೆರಾ ಓಡುತ್ತಿರುವಾಗಲೇ ಮನೆಯ ಹಿಂದೆ ಒಂದು ಹಿಡಿ ಕಲ್ಲು ಉರುಳಿತು. ಎಮ್ಮೆ ಕೂಗಿತು. ಅತ್ತೆ ಕತ್ತು ತಿರುಗಿಸಲು ಹೋದಳು.

“ಅತ್ತಿ, ತಿರುಗಬ್ಯಾಡ್ರಿ, ಶಾಟ್ ಕೆಡತೈತಿ,” ಎಂದೆ. ಅವಳು ತಿರುಗಲಿಲ್ಲ.

ಆ ವಾರ ಚಿತ್ರವನ್ನು ತರಗತಿಯಲ್ಲಿ ತೋರಿಸಿದೆ. ಚಪ್ಪಾಳೆ ಬಿತ್ತು. ಮೇಷ್ಟ್ರು ಬೆನ್ನು ತಟ್ಟಿದರು. ಕೊನೆಯ ಬೆಂಚಿನ ಹುಡುಗಿಯೊಬ್ಬಳು ಮಾತ್ರ ಕೇಳಿದಳು, “ಅವ್ರು ಇನ್ನೂ ಅಲ್ಲೇ ಅದಾರೇನು?” ನಾನು ಹೊರಗೆ ನೋಡಿದೆ. ಕಿಟಕಿಯಾಚೆ ಸಂಡೂರಿನ ಕಡೆ ಮೋಡ ಕಪ್ಪಗೆ ಕಟ್ಟಿತ್ತು.

ಮರುದಿನ ಮೊದಲ ಬಸ್ಸಿಗೇ ಹೋದೆ. ಡಂಪಿನ ಮಾತು ತೆಗೆದರೆ ಅತ್ತೆ ಕೇಳಬೇಕಲ್ಲ! “ಆ ಮಣ್ಣೇನು ನಿನ್ನೆ ಬಂದೈತಾ? ನನ್ನ ಮನಿ ಬಿಟ್ಟು ನಾ ಎಲ್ಲಿಗೆ ಹೋಗ್ಲಿ? ಹುಚ್ಚಿ.” ನಾನು ಅತ್ತರೂ ಜಗ್ಗಲಿಲ್ಲ. ಕಡೆಗೆ ಸುಳ್ಳು ಹೇಳಿದೆ. “ಇನ್ನೊಂದು ಶೂಟಿಂಗ್ ಉಳದೈತ್ರಿ, ಹೊಸಪ್ಯಾಟ್ಯಾಗ, ನಮ್ಮ ಮನ್ಯಾಗ. ನೀವು ಬರಲಿಲ್ಲ ಅಂದ್ರ ನಾ ಫೇಲ್.”

“ಮೊದ್ಲ ಹೇಳಬಾರದೇನವ್ವ?” ಎಂದು ಎದ್ದೇಬಿಟ್ಟಳು. ಎರಡು ದಿನದ ಮಾತು ಎಂದುಕೊಂಡು ಎಮ್ಮೆಗೆ ಮೇವು ಹಾಕಲು ಪಕ್ಕದ ಮನೆಯವರಿಗೆ ಹೇಳಿದಳು. ಎಮ್ಮೆಯನ್ನೂ ಬೇರೆ ಕಡೆ ಕಟ್ಟಿ ಎನ್ನಲು ನಾಲಗೆಯ ತುದಿಗೆ ಬಂದಿತ್ತು. ಎಂದರೆ ಸುಳ್ಳು ಸಿಕ್ಕಿಬೀಳುತ್ತಿತ್ತು. ಹೇಳದೆಯೇ ಅವಳನ್ನು ಬಸ್ಸು ಹತ್ತಿಸಿದೆ.

ಎರಡು ದಿನ ಅವಳನ್ನು ನಮ್ಮ ಪಡಸಾಲೆಯಲ್ಲಿ ಕೂರಿಸಿ, ಟೇಪೇ ಇಲ್ಲದ ಕ್ಯಾಮೆರಾ ಹಿಡಿದು ಶೂಟಿಂಗ್ ಮಾಡಿದೆ. ಮೂರನೆಯ ದಿನ ಬೆಳಗಿನಿಂದ ಮಳೆ ಹೊಯ್ಯಿತು. ಮಧ್ಯಾಹ್ನ ಪಕ್ಕದ ಮನೆಯವರ ಫೋನು ಬಂತು.

ನಾವು ಹೋದಾಗ ಮನೆ ಇದ್ದ ಕಡೆ ಕೆಂಪು ಕೆಸರು. ಮಾಳಿಗೆಯ ಒಂದು ತೊಲೆ ಮಾತ್ರ ಹೊರಗೆ ಕಾಣುತ್ತಿತ್ತು. ಎಮ್ಮೆ ಕಟ್ಟಿದಲ್ಲೇ ಕೆಸರಿನೊಳಗೆ ಸತ್ತಿತ್ತು. ಊರವರು, “ಸೊಸಿ ನಿನ್ನ ಜೀವ ಉಳಿಸಿದ್ಲು ನೋಡು,” ಎಂದು ಅತ್ತೆಗೆ ಹೇಳುತ್ತಿದ್ದರು. ನಾಚಿಕೆಯಿಂದ ನನಗೆ ತಲೆಯೆತ್ತಲು ಆಗಲಿಲ್ಲ.

ಅತ್ತೆ ಅಳಲಿಲ್ಲ. ನನ್ನ ಕಡೆ ತಿರುಗಿದಳು.

“ಇದು ಹಿಂಗ ಆಗತೈತಿ ಅಂತ ನಿನಗ ಯಾವಾಗ ಗೊತ್ತಾತು?”

ಇನ್ನೊಂದು ಸುಳ್ಳು ಹೇಳಲು ಬಾಯಿ ಬರಲಿಲ್ಲ. “ಹತ್ತನೇ ವಾರ,” ಎಂದೆ.

“ಅದಾದ ಮ್ಯಾಲೆ ಎರಡು ಸಲ ಬಂದು ನನ್ನ ಅಲ್ಲೇ ಕುಂದ್ರಿಸಿದಿ,” ಎಂದಳು.

“ಹೌದ್ರಿ ಅತ್ತಿ,” ಎಂದೆ.