ಸ್ಟೆನೋ ಮನೆಯ ಟೆಲಿಫೋನ್ ಲೈನು

ಬೀದಿಯವರೆಲ್ಲ ಅವನನ್ನು ಸ್ಟೆನೋ ಎಂದೇ ಕರೆಯುತ್ತಿದ್ದರು. ಕೋರ್ಟಿನಲ್ಲಿ ಸಾಕ್ಷಿಗಳು ಆಡಿದ ಮಾತನ್ನು ಆಡಿದ ವೇಗದಲ್ಲೇ ಬರೆದುಕೊಂಡು ಟೈಪು ಮಾಡುವುದು ಅವನ ಕೆಲಸವಾಗಿತ್ತು. ಕೆಲಸ ಹೋದ ಮೇಲೂ ಹೆಸರು ಉಳಿಯಿತು. ಕೆಲಸ ಹೋದದ್ದು ಕುಡಿತದಿಂದ. ಒಂದು ಮಧ್ಯಾಹ್ನ ಊಟ ಮುಗಿಸಿ ಬಂದವನು ಕಲಾಪದ ನಡುವೆಯೇ ಮೇಜಿಗೆ ತಲೆಯಿಟ್ಟು ನಿದ್ದೆಹೋದ. ಅವನ ಗೊರಕೆ ಕೇಳಿ ಕಟಕಟೆಯಲ್ಲಿದ್ದ ಸಾಕ್ಷಿ ಮಾತು ನಿಲ್ಲಿಸಿದ. ಅಲ್ಲಿಗೆ ಮುಗಿಯಿತು.

ಹೆಂಡತಿ ದೊಡ್ಡಾಸ್ಪತ್ರೆಯಲ್ಲಿ ನರ್ಸು. ಅವಳೇ ಅವನನ್ನು ಕೈಹಿಡಿದು ಕರೆದುಕೊಂಡು ಹೋಗಿ ಚಿಕಿತ್ಸೆಗೆ ಸೇರಿಸಿದಳು. ಮನೆಗೆ ಬಂದ ಮೇಲೆ ಅವನು ಹನಿ ಮುಟ್ಟಲಿಲ್ಲ. ಆದರೆ ಈಚಲು ಮರದ ಕೆಳಗೆ ಕೂತು ಮಜ್ಜಿಗೆ ಕುಡಿದರೂ ಹೆಂಡ ಎನ್ನುವ ಜನ. ಇವನಂತೂ ವರ್ಷಗಟ್ಟಲೆ ಅದೇ ಮರದ ಕೆಳಗೆ ಬಿದ್ದಿದ್ದವನು, ನಂಬುವವರು ಯಾರು? ಅಂಗಡಿಯವನು ಚಿಲ್ಲರೆ ಕೊಡುವಾಗ ಅವನ ಕಣ್ಣು ನೋಡುತ್ತಿದ್ದ. ಕೆಳಗಿನ ಮನೆಯ ದರ್ಜಿ ಮೆಟ್ಟಿಲ ಮೇಲೆ ಎದುರಾದರೆ ಗೋಡೆಗೆ ಒತ್ತಿಕೊಂಡು ದಾರಿ ಬಿಡುತ್ತಿದ್ದ. ಹೆಂಡತಿ ಡ್ಯೂಟಿಯಿಂದ ಬಂದವಳು ಚಪ್ಪಲಿ ಬಿಡುವ ಮೊದಲೇ ಬಾಟಲಿ ಇದೆಯೇ ಎಂದು ಚಪ್ಪಲಿ ಗೂಡಿನ ಹಿಂದೆ ಕೈಯಾಡಿಸುತ್ತಿದ್ದಳು. ಅವನು ನೋಡಿಯೂ ನೋಡದ ಹಾಗೆ ಇರುತ್ತಿದ್ದ.

ಹೊಸ ಕೆಲಸ ಹುಡುಕಿಕೊಟ್ಟವಳೂ ಅವಳೇ. ವೈದ್ಯರು ತಮ್ಮ ರೋಗಿಗಳ ವಿಷಯವನ್ನು ಮಾತಿನಲ್ಲಿ ಹೇಳಿ ರೆಕಾರ್ಡ್ ಮಾಡುತ್ತಾರೆ. ಬೇರೆ ಊರಿನ ಕಂಪನಿಯೊಂದು ಆ ಧ್ವನಿಯನ್ನು ಇಂಟರ್ನೆಟ್ಟಿನಲ್ಲಿ ಕಳಿಸುತ್ತದೆ. ಅದನ್ನು ಮನೆಯಲ್ಲೇ ಇಳಿಸಿಕೊಂಡು, ಕೇಳಿ, ಟೈಪು ಮಾಡಿ ತಿರುಗಿ ಕಳಿಸಬೇಕು. ಸ್ಟೆನೋಗೆ ಹೇಳಿ ಮಾಡಿಸಿದಂಥ ಕೆಲಸ. ಮಲಗುವ ಕೋಣೆಯ ಕಿಟಕಿಯ ಪಕ್ಕ ಒಂದು ಹಳೆಯ ಕಂಪ್ಯೂಟರ್ ಬಂತು, ಅದರ ಬದಿಗೆ ಸಾಬೂನಿನ ಡಬ್ಬಿಯಷ್ಟು ದೊಡ್ಡ ಮೋಡೆಮ್ ಬಂತು. ನಡುಮನೆಯ ಟೆಲಿಫೋನ್ ಲೈನಿನಿಂದ ಒಂದು ತಂತಿಯನ್ನು ಬಾಗಿಲಿನ ಚೌಕಟ್ಟಿನ ಮೇಲೆ ಹಾಯಿಸಿ ಅದಕ್ಕೆ ಸಿಕ್ಕಿಸಿದರು. ಮೋಡೆಮ್ ನಂಬರು ತಿರುಗಿಸಿ, ಕೊಂಯ್ ಎಂದು ಕೂಗಿ, ಆಮೇಲೆ ಕರಕರ ಎಂದು ಗೊಣಗಿ ಸುಮ್ಮನಾದರೆ ಇಂಟರ್ನೆಟ್ ಸಿಕ್ಕಿತು ಎಂದರ್ಥ.

ಅವರ ಜೊತೆಗಿದ್ದ ಅತ್ತೆಗೆ, ಎಂದರೆ ಹೆಂಡತಿಯ ತಾಯಿಗೆ, ಈ ಸದ್ದು ಆಗಿಬರುತ್ತಿರಲಿಲ್ಲ. ಬೆಕ್ಕಿನ ಬಾಲ ಬಾಗಿಲಿಗೆ ಸಿಕ್ಕಿದ ಹಾಗೆ ಕಿರುಚುತ್ತದೆ, ಒಳ್ಳೆಯ ಯಂತ್ರವಾದರೆ ಹೀಗೇಕೆ ಅಳಬೇಕು ಎಂದು ಅವಳ ತಕರಾರು.

ಮೊದಮೊದಲು ಎಲ್ಲ ಸರಿಯಿತ್ತು. ಮಳೆ ಬಂದಾಗ ಒಮ್ಮೊಮ್ಮೆ ಲೈನು ಹೋಗುತ್ತಿತ್ತು, ಅಷ್ಟೆ. ಕೆಲವು ವಾರ ಕಳೆದ ಮೇಲೆ ಬೇರೆ ಥರದ ಕಾಟ ಶುರುವಾಯಿತು. ಧ್ವನಿ ಅರ್ಧ ಇಳಿದಿರುತ್ತಿತ್ತು, ಪರದೆಯ ಮೂಲೆಯಲ್ಲಿ ಮಿನುಗುತ್ತಿದ್ದ ಗುರುತು ಫಕ್ಕನೆ ಮಾಯವಾಗಿ ಸಂಪರ್ಕ ಕಡಿದಿದೆ ಎಂಬ ಮಾತು ಬರುತ್ತಿತ್ತು. ಅರ್ಧ ಇಳಿದದ್ದು ನೀರಿನಲ್ಲಿ ಮಾಡಿದ ಹೋಮ. ಮತ್ತೆ ಮೊದಲಿನಿಂದ ಇಳಿಸಬೇಕು. ಅದಕ್ಕಿಂತ ವಿಚಿತ್ರವೆಂದರೆ ಸಂಪರ್ಕ ಕಡಿದ ಮರುಗಳಿಗೆಯಲ್ಲೇ ನಡುಮನೆಯ ಫೋನು ಹೊಡೆದುಕೊಳ್ಳುತ್ತಿತ್ತು. ಅವನು ಓಡಿಹೋಗಿ ಎತ್ತಿ ಹಲೋ ಎಂದರೆ ಆ ಕಡೆ ಮೌನ. ಯಾರೋ ಉಸಿರು ಹಿಡಿದು ಕೇಳುತ್ತಿರುವ ಹಾಗೆ. ಆಮೇಲೆ ಟಕ್ ಎಂದು ಇಟ್ಟ ಸದ್ದು.

ಸ್ಟೆನೋ ಮೊದಲು ಅನುಮಾನಪಟ್ಟದ್ದು ಅತ್ತೆಯ ಮೇಲೆ. ನಡುಮನೆಯ ಫೋನನ್ನು ಯಾರಾದರೂ ಎತ್ತಿದರೆ ಮೋಡೆಮ್ ಲೈನು ಬಿಟ್ಟುಬಿಡುತ್ತದೆ ಎಂದು ಕಂಪ್ಯೂಟರ್ ರಿಪೇರಿಯವನು ಹೇಳಿದ್ದ. ಅತ್ತೆಯೋ ದಿನವಿಡೀ ಫೋನಿನ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂರುವವಳು.

"ಅತ್ತೆ, ಈಗ ಫೋನ್ ಎತ್ತಿದ್ರಾ?" ಎಂದು ಒಂದು ದಿನ ಕೇಳಿಯೇಬಿಟ್ಟ.

"ನಾನ್ಯಾಕೆ ಎತ್ತಲಿ? ನನ್ ಜೊತೆ ಮಾತಾಡೋರೆಲ್ಲ ಮೇಲೆ ಹೋಗಿ ಸೇರ್ಕೊಂಡಿದ್ದಾರೆ. ಅಲ್ಲಿಗೆ ಲೈನ್ ಇದ್ದಿದ್ರೆ ಎತ್ತುತ್ತಿದ್ದೆ."

ಅವನಿಗೆ ನಂಬಿಕೆ ಬರಲಿಲ್ಲ. ಬಾಗಿಲ ಸಂದಿಯಿಂದ ಕಾವಲು ಕೂತ. ಅತ್ತೆಯ ಕೈ ಸ್ವೆಟರ್ ಹೆಣೆಯುವ ಕಡ್ಡಿಯ ಮೇಲೇ ಇತ್ತು, ಆದರೂ ಲೈನು ಕಡಿಯಿತು. ಹಾಗಾದರೆ ಕೆಳಗಿನ ದರ್ಜಿ. ಎರಡೂ ಮನೆಯ ತಂತಿ ಒಂದೇ ಕೊಳವೆಯಲ್ಲಿ ಮೇಲೆ ಬರುತ್ತಿತ್ತು. ದರ್ಜಿ ಇತ್ತೀಚೆಗಷ್ಟೇ ಅಂಗಡಿಗೆ ಹೊಸ ಫೋನು ಹಾಕಿಸಿಕೊಂಡಿದ್ದ. ಸ್ಟೆನೋ ಲೈನ್‌ಮನ್‌ನನ್ನು ಕರೆಸಿದ. ಅವನು ಏಣಿ ಹತ್ತಿ ಕಂಬದ ಪೆಟ್ಟಿಗೆ ನೋಡಿದ, ತುಕ್ಕು ಹಿಡಿದ ಒಂದು ಜೋಡಣೆಯನ್ನು ಕೆರೆದು ಹೊಸದಾಗಿ ಕಟ್ಟಿದ, ಲೈನಿನ ಗೊರಗೊರ ಕಡಿಮೆಯಾಯಿತು. ದರ್ಜಿಯ ತಂತಿಗೂ ಇದಕ್ಕೂ ಸಂಬಂಧವೇ ಇಲ್ಲ ಎಂದು ಹೇಳಿ ಹೋದ. ಮಾರನೆಯ ದಿನ ಮತ್ತೆ ಅದೇ ಕಥೆ.

ಸ್ಟೆನೋ ಕೈಗೆ ಸಿಕ್ಕಿದ್ದನ್ನೆಲ್ಲ ಮಾಡಿದ. ಗೋಡೆಯ ತಂತಿಯನ್ನು ಬದಲಿಸಿದ. ಮೋಡೆಮ್ ಬಿಸಿಯಾಗುತ್ತದೆಂದು ಅದರ ಮುಂದೆ ಫ್ಯಾನು ಇಟ್ಟ. ಸುಮ್ಮನಿದ್ದರೆ ತಾನಾಗಿ ಕಡಿಯುವಂಥ ಏರ್ಪಾಡು ಕಂಪ್ಯೂಟರಿನಲ್ಲಿ ಇದೆಯೆಂದು ತಿಳಿದು ಅದನ್ನೂ ತೆಗೆಸಿದ. ಕೊನೆಗೆ ನಡುಮನೆಯ ಫೋನನ್ನೇ ಕಿತ್ತು ಕಪಾಟಿನಲ್ಲಿಟ್ಟು, ತನ್ನ ಕೋಣೆಯಲ್ಲಿ ಒಂದೇ ಒಂದು ಫೋನು ಉಳಿಸಿಕೊಂಡ. ಅತ್ತೆ ಎರಡು ದಿನ ಅಳಿಯನ ಜೊತೆ ಮಾತು ಬಿಟ್ಟಳು. ಲೈನು ಮಾತ್ರ ಕಡಿಯುತ್ತಲೇ ಇತ್ತು, ಮೌನದ ಫೋನೂ ಬರುತ್ತಲೇ ಇತ್ತು.

ಈಗ ಅವನ ಅನುಮಾನಕ್ಕೆ ಬೇಲಿಯೇ ಇಲ್ಲದಂತಾಯಿತು. ಕಂಪನಿಯವರೇ ತನ್ನನ್ನು ಪರೀಕ್ಷೆ ಮಾಡುತ್ತಿರಬಹುದು. ಹಳೆಯ ಕುಡಿತದ ಗೆಳೆಯರು ಆಡಿಸುತ್ತಿರಬಹುದು. ಕೋರ್ಟಿನಲ್ಲಿ ತನ್ನ ಜಾಗಕ್ಕೆ ಬಂದವನು ನಗುತ್ತಿರಬಹುದು. ಈ ನಡುವೆ ಕಂಪನಿಯ ಮೇಡಂ ಫೋನು ಮಾಡಿ, ಕೆಲಸ ತಡವಾಗಿ ಬರುತ್ತಿದೆ, ಹೀಗೇ ಆದರೆ ಬೇರೆಯವರನ್ನು ನೋಡಬೇಕಾಗುತ್ತದೆ ಎಂದಳು. ಅವಳ ದನಿಯಲ್ಲೂ ಒಂದು ಅನುಮಾನ ಇತ್ತು. ಲೈನು ಕಡಿಯುತ್ತದೆ ಎನ್ನುವುದು ಅವಳ ಕಿವಿಗೆ ಕುಡುಕನ ನೆಪದ ಹಾಗೆ ಕೇಳಿಸಿರಬೇಕು ಎಂದು ಅವನಿಗೆ ಅನಿಸಿತು. ಫೋನಿಟ್ಟು ಅಂಗಿ ಹಾಕಿಕೊಂಡು ಹೊರಟ. ಬೀದಿಯ ಕೊನೆಯಲ್ಲಿ ಬಾರು. ಅದರ ಅರ್ಧ ಬಾಗಿಲಿನ ಕೆಳಗೆ ಯಾರದೋ ಕಾಲುಗಳು ಕಾಣಿಸುತ್ತಿದ್ದವು. ಎದುರಿನ ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತು, ಎಷ್ಟೋ ಬಸ್ಸು ಬಂದು ಹೋಗುವವರೆಗೂ ಆ ಕಾಲುಗಳನ್ನೇ ನೋಡಿದ. ಆಮೇಲೆ ಎದ್ದು ನಡೆದದ್ದು ಟೆಲಿಫೋನ್ ಆಫೀಸಿನ ಕಡೆಗೆ.

ಕೌಂಟರಿನ ಗುಮಾಸ್ತೆ ಎಲ್ಲ ಕೇಳಿಸಿಕೊಂಡು, ಅವನ ನಂಬರನ್ನು ಕಂಪ್ಯೂಟರಿನಲ್ಲಿ ನೋಡಿ, ನಿಮ್ಮ ಲೈನಿಗೆ ಕಾಲ್ ವೇಟಿಂಗ್ ಇದೆಯಲ್ಲ ಎಂದಳು. ನೀವು ಲೈನಿನಲ್ಲಿದ್ದಾಗ ಬೇರೆ ಯಾರಾದರೂ ಫೋನು ಮಾಡಿದರೆ ಅವರಿಗೆ ರಿಂಗ್ ಆಗುತ್ತದೆ, ನಿಮಗೆ ನಡುವೆ ಒಂದು ಬೀಪ್ ಕೇಳಿಸುತ್ತದೆ. ಮನುಷ್ಯರಾದರೆ ತಡೆದುಕೊಳ್ಳುತ್ತಾರೆ, ಮೋಡೆಮ್ ಬೆಚ್ಚಿ ಲೈನು ಬಿಡುತ್ತದೆ. ಅದು ಬಿಟ್ಟ ಕೂಡಲೇ ಕಾಯುತ್ತಿದ್ದ ಫೋನು ಮನೆಯಲ್ಲಿ ಬಡಿದುಕೊಳ್ಳುತ್ತದೆ.

ತಾನು ಅಂಥದ್ದೇನೂ ಕೇಳಿರಲಿಲ್ಲ ಎಂದ ಸ್ಟೆನೋ.

"ಫೋನ್ ಇರೋದು ನಿಮ್ಮ ಮನೆಯವರ ಹೆಸರಲ್ಲಿ. ಅವರೇ ಬಂದು ಹಾಕಿಸ್ಕೊಂಡಿದ್ದಾರೆ," ಎಂದಳು ಗುಮಾಸ್ತೆ.

ಮನೆಗೆ ನಡೆದುಕೊಂಡು ಬರುವಾಗ ಅವನ ತಲೆ ಗಾಣದ ಎತ್ತಿನ ಹಾಗೆ ಒಂದೇ ಸುತ್ತು ಸುತ್ತಿತು. ಹೆಂಡತಿ ತನಗೆ ಹೇಳದೆ ಇದನ್ನೇಕೆ ಹಾಕಿಸಿದಳು? ತಾನು ಲೈನು ಹಿಡಿದು ಕೂತಾಗಲೂ ಅವಳಿಗೆ ಬರಲೇಬೇಕಾದ ಫೋನು ಯಾರದು? ಎತ್ತಿದವನು ಗಂಡ ಎಂದು ತಿಳಿದ ಕೂಡಲೇ ಇಟ್ಟುಬಿಡುವವನು ಯಾರು? ಇಷ್ಟು ದಿನ ಅವಳು ಚಪ್ಪಲಿ ಗೂಡು ತಡಕುತ್ತಿದ್ದಳು. ಅಂದು ಸಂಜೆ ಅವಳು ಕೈಕಾಲು ತೊಳೆಯಲು ಹೋದಾಗ ಇವನು ಅವಳ ಚೀಲ ತಡಕಿದ. ಬಾಚಣಿಗೆ, ಬಸ್ ಪಾಸು, ಒದ್ದೆಯಾದ ಕರವಸ್ತ್ರ ಸಿಕ್ಕಿದವು. ನಾಚಿಕೆಯಾಗಿ ಚೀಲವನ್ನು ಮೊದಲಿದ್ದ ಹಾಗೇ ಇಟ್ಟ. ಅನುಮಾನ ಮಾತ್ರ ಹೋಗಲಿಲ್ಲ.

ಮರುದಿನ ಸಂಪರ್ಕ ಕಡಿದು ಫೋನು ಬಂದಾಗ ಅವನು ಹಲೋ ಎನ್ನಲಿಲ್ಲ. ರಿಸೀವರನ್ನು ಕಿವಿಗೆ ಒತ್ತಿಕೊಂಡು ತಾನೂ ಉಸಿರು ಹಿಡಿದ. ಎಂಥೆಂಥ ಗೊಣಗಾಟದಿಂದಲೂ ಮಾತು ಹೆಕ್ಕುವ ಕಿವಿ ಅವನದು. ಆ ಕಡೆಯ ಮೌನದ ಹಿಂದೆ ಒಂದು ತಳ್ಳುಗಾಡಿಯ ಚಕ್ರ ಕಿರ್ ಕಿರ್ ಎನ್ನುತ್ತಾ ಹಾದುಹೋಯಿತು. ಆಮೇಲೆ ಧ್ವನಿವರ್ಧಕದಲ್ಲಿ ಯಾರೋ ಮೂಳೆ ಡಾಕ್ಟರನ್ನು ವಾರ್ಡಿಗೆ ಬರುವಂತೆ ಕರೆದರು.

ಉಸಿರಾಟ ಯಾರದೆಂದು ಅವನಿಗೆ ಆಗ ತಿಳಿಯಿತು. ಎಷ್ಟೋ ವರ್ಷದಿಂದ ಪಕ್ಕದ ದಿಂಬಿನ ಮೇಲೆ ಕೇಳುತ್ತಿದ್ದ ಉಸಿರು.

"ನಾನು ಇಲ್ಲೇ ಇದ್ದೀನಿ ಕಣೇ," ಎಂದ. "ಕುಡಿದಿಲ್ಲ."

ಅವಳು ಫೋನು ತಕ್ಷಣ ಇಡಲಿಲ್ಲ. ಆಮೇಲೆ ಟಕ್ ಎನಿಸದೆ ಮೆಲ್ಲಗೆ ಇಟ್ಟಳು.

ಸಂಜೆ ಅವಳು ಬಂದಳು. ಚಪ್ಪಲಿ ಗೂಡಿನ ಕಡೆ ನೋಡಲಿಲ್ಲ. ನೇರ ಅಡುಗೆಮನೆಗೆ ಹೋಗಿ ನೀರು ಕುಡಿದು, ಲೋಟ ಕೈಯಲ್ಲಿ ಹಿಡಿದುಕೊಂಡೇ ಗೋಡೆಗೆ ಒರಗಿ ನಿಂತಳು. ಇವನು ಬಾಗಿಲಲ್ಲಿ ನಿಂತ. ಅವಳೇ ಮಾತು ತೆಗೆದಳು.

"ಮೊದಲು ಯಾವಾಗ ಮಾಡಿದ್ರೂ ಎಂಗೇಜ್ ಬರ್ತಿತ್ತು. ನೀವು ಕೆಲಸ ಮಾಡ್ತಿದ್ದೀರೋ, ರಿಸೀವರ್ ತೆಗೆದಿಟ್ಟು ಹೋಗಿದ್ದೀರೋ, ನಂಗೆ ಹೇಗೆ ಗೊತ್ತಾಗ್ಬೇಕು? ಮುಂಚೆ ಹಾಗೆ ಮಾಡ್ತಿದ್ರಲ್ಲ."

ಅದು ನಿಜ. ಅವನು ಹಾಗೆ ಮಾಡುತ್ತಿದ್ದ.

"ಹಾಗಾದ್ರೆ ಮಾತಾಡ್ಬಹುದಿತ್ತಲ್ಲ. ಯಾಕೆ ಇಟ್ಟುಬಿಡ್ತಿದ್ದೆ?"

"ಮಾತಾಡಿದ್ರೆ ನೀವು ಹುಷಾರಾಗಿ ಮಾತಾಡ್ತೀರಿ. ನಂಗೆ ನಿಮ್ಮ ಒಂದು ಹಲೋ ಸಾಕು. ಕುಡಿದಾಗ ನೀವು ಆ 'ಲೋ' ಅನ್ನೋದನ್ನ ಎಳೀತೀರಿ."

ಸ್ಟೆನೋಗೆ ಸಿಟ್ಟು ಬಂತು. ಮೋಡೆಮ್ ಬೆಚ್ಚಿಬೀಳುವ ಕಥೆಯನ್ನೆಲ್ಲ ಹೇಳಿದ. ಕಂಪನಿಯ ಮೇಡಂ ಹೇಳಿದ ಮಾತು ಹೇಳಿದ. ಬಾರಿನ ಎದುರು ಕೂತದ್ದನ್ನೂ ಮುಚ್ಚಿಡಲಿಲ್ಲ.

"ನಿನ್ನ ಕಾವಲಿನಿಂದ್ಲೇ ಈ ಕೆಲಸ ಹೋಗ್ತಿತ್ತು," ಎಂದ. "ಹೋಗಿದ್ರೆ ನಾನು ಎಲ್ಲಿಗೆ ಹೋಗಿ ಕೂರ್ತಿದ್ದೆ ಅಂತ ನಿಂಗೇ ಗೊತ್ತು."

ಅವಳ ಮುಖ ಬಿಳಿಚಿತು. ತಾನು ಕಾಯಲು ಮಾಡುತ್ತಿದ್ದ ಫೋನೇ ಅವನ ಕೆಲಸ ಕಡಿಯುತ್ತಿತ್ತು ಎಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ. ಆದರೂ ಕ್ಷಮಿಸಿ ಎನ್ನಲಿಲ್ಲ. ಲೋಟ ತೊಳೆದು ಬೋರಲು ಹಾಕಿದಳು.

"ಇನ್ಮೇಲೆ ನಂಬ್ತೀನಿ ಅಂತ ಬಾಯಲ್ಲಿ ಹೇಳ್ಬಹುದು. ಆದ್ರೆ ಡ್ಯೂಟಿ ಮಧ್ಯೆ ಕೈ ತಾನಾಗೇ ಫೋನ್ ಹತ್ರ ಹೋಗುತ್ತೆ. ಸುಳ್ಳು ಹೇಳ್ಲಾ?"

"ಬೇಡ," ಎಂದ ಅವನು. "ನಾನೂ ನಿನ್ನೆ ನಿನ್ನ ಚೀಲ ನೋಡಿದೆ."

ಅವಳು ಅವನನ್ನೇ ನೋಡಿದಳು. ಏಕೆಂದು ಅವಳಿಗೆ ಅರ್ಥವಾಗಿತ್ತು. ನಗು ಬಂದದ್ದನ್ನು ತಡೆದುಕೊಂಡಳೋ, ಅಳುವನ್ನು ತಡೆದುಕೊಂಡಳೋ, ಅವನಿಗೆ ತಿಳಿಯಲಿಲ್ಲ. ಅಷ್ಟರಲ್ಲಿ ನಡುಮನೆಯಿಂದ ಅತ್ತೆ, ಎಲ್ಲ ಇತ್ಯರ್ಥವಾಗಿದ್ದರೆ ತನ್ನ ಮೇಲೆ ಹೊರಿಸಿದ್ದ ಅಪವಾದ ಇಳಿಸಿ, ಕಪಾಟಿನಲ್ಲಿರುವ ಫೋನನ್ನು ಇದ್ದ ಜಾಗಕ್ಕೆ ತಂದಿಡಬೇಕೆಂದು ಕೇಳಿದಳು. ಅಳಿಯ ತಂದಿಟ್ಟ.

ಮೋಡೆಮ್ ತಿರುಗಿಸುವ ನಂಬರಿನ ಮುಂದೆ ಒಂದು ಸಂಕೇತ ಸೇರಿಸಿದರೆ, ಇಂಟರ್ನೆಟ್ ಇರುವಷ್ಟು ಹೊತ್ತು ಕಾಲ್ ವೇಟಿಂಗ್ ಸುಮ್ಮನಿರುತ್ತದೆ ಎಂದು ಗುಮಾಸ್ತೆ ಹೇಳಿಕೊಟ್ಟಿದ್ದಳು. ಸ್ಟೆನೋ ಹಾಗೆ ಮಾಡಿದ. ಬದಲಿಗೆ ಹೆಂಡತಿಯ ಚಹಾ ವಿರಾಮದ ಹೊತ್ತಿಗೆ ತಾನು ಲೈನು ಬಿಟ್ಟು ಕಾಯುವುದೆಂದು ಮಾತಾಯಿತು. ಮೊದಲ ಕೆಲವು ದಿನ ಆ ಫೋನುಗಳು ಪೊಲೀಸ್ ಠಾಣೆಯ ಹಾಜರಿಯ ಹಾಗೇ ಇದ್ದವು. ಅವನು ಹಲೋ ಎನ್ನುವುದು, ಅವಳು ಹೂಂ ಎನ್ನುವುದು, ಇಡುವುದು. ಒಂದು ದಿನ ಅವನು, ರೆಕಾರ್ಡ್ ಕಳಿಸುವ ವೈದ್ಯರಲ್ಲಿ ಒಬ್ಬ ಮಾತಿನ ನಡುವೆ ಏನೋ ಅಗಿಯುತ್ತಾನೆ, ಮೂತ್ರಕೋಶವೋ ಪಿತ್ತಕೋಶವೋ ತಿಳಿಯುತ್ತಿಲ್ಲ ಎಂದ. ಔಷಧಿಯ ಹೆಸರು ಏನೆಂದು ಕೇಳಿದಳು ಅವಳು. ಹೇಳಿದ. ಹಾಗಾದರೆ ಪಿತ್ತಕೋಶವೇ ಎಂದಳು. ಅಂದಿನಿಂದ ಅಂಥ ಸಂದೇಹಗಳನ್ನು ಅವನು ಅವಳ ಫೋನಿಗಾಗಿ ಎತ್ತಿಟ್ಟುಕೊಳ್ಳತೊಡಗಿದ. ಕೆಲಸ ಸರಿಯಾದ ಹೊತ್ತಿಗೆ ಹೋಗತೊಡಗಿತು, ಮೇಡಂ ಬೇರೆಯವರನ್ನು ಹುಡುಕುವ ಮಾತು ಬಿಟ್ಟಳು.

ಹೀಗೇ ಒಂದು ವರ್ಷ ನಡೆಯಿತು. ಒಂದು ದಿನ ಚಹಾ ವಿರಾಮದ ಹೊತ್ತು ಕಳೆದರೂ ಫೋನು ಬರಲಿಲ್ಲ. ಸ್ಟೆನೋ ಲೈನು ಬಿಟ್ಟೇ ಕೂತಿದ್ದ. ರಿಸೀವರ್ ಎತ್ತಿ ನೋಡಿದ, ಜೀವ ಇತ್ತು. ಆಸ್ಪತ್ರೆಗೆ ಫೋನು ಮಾಡಿದ, ಎಂಗೇಜ್. ಮತ್ತೆ ಮಾಡಿದ, ಮತ್ತೆ ಎಂಗೇಜ್. ಅವಳಿಗೆ ಏನೋ ಆಗಿದೆ, ಯಾರೂ ತನಗೆ ಹೇಳುತ್ತಿಲ್ಲ ಎಂದುಕೊಂಡ. ಅತ್ತೆಗೆ ಹೇಳಿದರೆ ಗಾಬರಿಯಾಗುತ್ತಾಳೆಂದು, ಕಾಗದದ ಕಟ್ಟು ತರಲು ಹೋಗುತ್ತೇನೆ ಎಂದು ಸುಳ್ಳು ಹೇಳಿ, ಮನೆಯ ಚಪ್ಪಲಿಯಲ್ಲೇ ಬಸ್ಸು ಹತ್ತಿದ.

ಅವಳು ಆಸ್ಪತ್ರೆಯ ಕ್ಯಾಂಟೀನಿನಲ್ಲಿದ್ದಳು. ಜೊತೆಯ ನರ್ಸೊಬ್ಬಳು ಏನೋ ಹೇಳುತ್ತಿದ್ದಳು, ಇವಳು ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಳು. ಫೋನು ಮಾಡುವುದನ್ನು ಮರೆತೇಬಿಟ್ಟಿದ್ದಳು. ಅವನು ಬಾಗಿಲಲ್ಲಿ ಕಂಬ ಹಿಡಿದು ನಿಂತ. ಬಸ್ಸಿನಿಂದ ಓಡಿಬಂದದ್ದಕ್ಕೆ ಮುಖ ಕೆಂಪಾಗಿತ್ತು, ಕೂದಲು ಕೆದರಿತ್ತು, ಅಂಗಿಯ ಗುಂಡಿ ಮೇಲುಕೆಳಗಾಗಿತ್ತು.

ಅವಳ ನಗು ನಿಂತಿತು. ಎದ್ದು ಬಂದಳು. ಏನಾಯಿತು ಎಂದು ಕೇಳಲಿಲ್ಲ, ಅಮ್ಮ ಹೇಗಿದ್ದಾಳೆ ಎಂದೂ ಕೇಳಲಿಲ್ಲ. ಎಲ್ಲರೂ ನೋಡುತ್ತಿದ್ದಂತೆ ಅವನ ಮುಖದ ಹತ್ತಿರ ಮೂಗು ತಂದಳು.

ಸ್ಟೆನೋ ತಲೆ ತಗ್ಗಿಸಿ, ಬಾಯಿ ತೆರೆದು, ಉದ್ದಕ್ಕೆ ಉಸಿರು ಬಿಟ್ಟ.

"ಒಂದು ಟೀ ಕೊಡ್ಸು," ಎಂದ.