ರೇಣುಕಯ್ಯನವರ ಜಗಲಿ

ನಮ್ಮ ಸಸ್ಯವಿಜ್ಞಾನ ಸಂಘದ ವೆಬ್‌ಸೈಟಿಗೆ ಯಾರಾದರೂ ಹೊಸದಾಗಿ ಸೇರಿದರೆ ರೇಣುಕಯ್ಯ ಕುರ್ಚಿಯಿಂದ ಎದ್ದು ನಿಲ್ಲುತ್ತಿದ್ದರು. ಪರದೆಯ ಮೇಲೆ ಬಂದದ್ದು ಒಂದು ಹೆಸರು, ಅಷ್ಟೇ. ಆ ಮನುಷ್ಯ ಶಿರಾದಲ್ಲೋ ಪಾವಗಡದಲ್ಲೋ ತನ್ನ ಪಾಡಿಗೆ ತಾನು ಕೂತಿರುತ್ತಿದ್ದ. ಇವರು ಮಾತ್ರ ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡು "ಬನ್ನಿ ಬನ್ನಿ" ಅನ್ನುವರು. ಆಮೇಲೆ ಫೋನು: "ಒಳೀಕ್ ಬಂದ್ರಾ? ಬಾಗ್ಲಲ್ಲೇ ನಿಂತ್ಕಬ್ಯಾಡಿ. ಜಗಲಿ ಅಂತ ಒಂದೈತೆ ನೋಡಿ, ಅದನ್ನ ಒತ್ತಿ."

ಮಧುಗಿರಿಯ ನಮ್ಮ ಕಾಲೇಜಿನಲ್ಲಿ ಅವರು ಪ್ರಯೋಗಾಲಯದ ಅಟೆಂಡರ್, ನಾನು ಸಸ್ಯಶಾಸ್ತ್ರದ ಉಪನ್ಯಾಸಕಿ. ಪ್ರಾಕ್ಟಿಕಲ್‌ಗೆ ಬೇಕಾದ ಗಿಡವನ್ನೆಲ್ಲ ತೋವಿನಕೆರೆಯಿಂದ ಬರುವ ಬಸ್ಸಿನಲ್ಲಿ ಒದ್ದೆ ಬಟ್ಟೆ ಸುತ್ತಿ ತರುತ್ತಿದ್ದವರು ಅವರೇ. ನಿವೃತ್ತರಾದ ಮೇಲೆ ಸಂಘದ ವೆಬ್‌ಸೈಟ್ ನೋಡಿಕೊಳ್ಳುವ ಕೆಲಸ ಅವರ ಪಾಲಿಗೆ ಬಂತು. ಬಂತು ಎಂದರೆ, ನಮಗೆ ಯಾರಿಗೂ ಪುರುಸೊತ್ತಿರಲಿಲ್ಲ, ಅವರ ತಲೆಗೆ ಕಟ್ಟಿದೆವು. ಮೊದಲ ವಾರವೇ ಅವರು ಅದರಲ್ಲೊಂದು ಹೊಸ ಪುಟ ತೆರೆದು ಜಗಲಿ ಎಂದು ಹೆಸರಿಟ್ಟರು.

ಆ ಪುಟದಲ್ಲಿ ವಿಜ್ಞಾನ ಹುಡುಕಿದರೂ ಸಿಗುತ್ತಿರಲಿಲ್ಲ. "ಕೊರಟಗೆರೆ ಸಂತೇಲಿ ಒಂದೆಲಗ ಸಿಕ್ತು. ನಮ್ಮನೇಲಿ ಚಟ್ನಿ. ನಿಮ್ಮನೇಲಿ?" ಎಂದು ರೇಣುಕಯ್ಯ ಬರೆದರೆ ಕೆಳಗೆ ಇಪ್ಪತ್ತು ಉತ್ತರ. ಪಾವಗಡದ ಪೋಸ್ಟ್‌ಮನ್ ನಾರಾಯಣಪ್ಪ "ಮಾ ಇಂಟ್ಲೋ ಪಪ್ಪೇ ಸಾರ್, ಇನ್ನೇನಿರ್ತದೆ" ಎಂದು ತಮ್ಮ ಮನೆಯ ತೊವ್ವೆಯ ಸುದ್ದಿಯನ್ನು ಅರ್ಧ ತೆಲುಗಿನಲ್ಲಿ ಬರೆಯುತ್ತಿದ್ದರು. ಶಿರಾದಲ್ಲಿ ಕಡಲೆಕಾಯಿ ವ್ಯಾಪಾರ ಮಾಡುವ ಬಷೀರ್ ಸಾಬರು ಮೊಮ್ಮಗಳ ಫೋಟೋ ಹಾಕುವರು. ಯಾರಿಗೋ ಜ್ವರ, ಯಾರ ಮನೆಯದೋ ಹಸು ಈದದ್ದು, ಎಲ್ಲ ಅಲ್ಲೇ. ಗಿಡದ ಹೆಸರು, ಜಾತಿ, ಕುಲ ಎಂದು ಶಿಸ್ತಾಗಿ ನಾನು ಮಾಡಿಟ್ಟಿದ್ದ ಪುಟಗಳ ಪಕ್ಕದಲ್ಲಿ ಇದೊಂದು ಕಾಡುಹರಟೆ. ನನಗೆ ಮೈಯುರಿ.

ಒಮ್ಮೆ ಮಿಡಿಗೇಶಿಯ ಅಂಗನವಾಡಿ ಕಾರ್ಯಕರ್ತೆ ಗಂಗಮ್ಮ ಜಗಲಿಯಲ್ಲಿ ತನ್ನ ಅತ್ತೆ ಹಾಕಿದ ಮಾಕಳಿ ಬೇರಿನ ಉಪ್ಪಿನಕಾಯಿಯ ಸುದ್ದಿ ಬರೆದಳು. ಆ ಬಳ್ಳಿ ನಮ್ಮ ಕಡೆ ಮುಗಿದೇ ಹೋಯಿತೆಂದು ನಾನು ಪಾಠ ಮಾಡುತ್ತಿದ್ದವಳು. ರೇಣುಕಯ್ಯ ಮೆತ್ತಗೆ ಕೇಳಿದರು, "ಬೇರು ಎಲ್ಲಿ ಸಿಕ್ತವ್ವಾ?" ಮುಂದಿನ ಭಾನುವಾರ ಒಂಬತ್ತು ಜನ ಮಿಡಿಗೇಶಿಯಲ್ಲಿ ಬಸ್ಸಿಳಿದು, ಅವಳು ಹೇಳಿದ ಕೋಟೆ ಬೆಟ್ಟದ ಬಂಡೆಗಳ ನಡುವೆ ಆ ಬಳ್ಳಿಯನ್ನು ನೋಡಿದೆವು. ಗಂಗಮ್ಮ ಎಲ್ಲರಿಗೂ ಮುದ್ದೆ ಮಾಡಿ ಹಾಕಿದಳು. ವೆಬ್‌ಸೈಟಿನಲ್ಲಿ ಆ ಬಳ್ಳಿಯ ವಿವರ ನನ್ನ ಹೆಸರಿನಲ್ಲಿ ಪ್ರಕಟವಾಯಿತು. ಅಷ್ಟಾದರೂ ನನಗೆ ಬುದ್ಧಿ ಬರಲಿಲ್ಲ ನೋಡಿ.

ದೊಡ್ಡ ಸಂಸ್ಥೆಯೊಂದರಿಂದ ತಜ್ಞರು ನಮ್ಮ ಸಂಘ ನೋಡಲು ಬರುತ್ತಾರೆಂದು ಗೊತ್ತಾಯಿತು. ಅವರು ವೆಬ್‌ಸೈಟ್ ತೆರೆದಾಗ ಪಪ್ಪು, ಚಟ್ನಿ, ಹಸುವಿನ ಕರು ಕಂಡರೆ ಮಾನ ಉಳಿಯುತ್ತದೆಯೇ? ಒಂದು ಮಧ್ಯಾಹ್ನ, ಯಾರನ್ನೂ ಕೇಳದೆ, ಪ್ರತಿಯನ್ನೂ ತೆಗೆದಿಡದೆ, ಜಗಲಿಯನ್ನು ಪೂರ್ತಿ ಅಳಿಸಿಬಿಟ್ಟೆ. ಆರು ವರ್ಷ ಜನ ಆಡಿದ ಮಾತೆಲ್ಲ ಹೋಯಿತು. ಒಂದು ಗುಂಡಿ ಒತ್ತಿದ್ದಷ್ಟೇ.

ಮಾರನೆಯ ದಿನ ಫೋನ್ ಬಂತು. "ಮೇಡಮ್ಮೋರೆ, ಜಗಲಿ ಕಾಣ್ತಾ ಇಲ್ಲ. ನಮ್ ಕಂಪ್ಯೂಟರೇ ಕೆಟ್ಟೈತೇನೋ."

"ನಾನೇ ತೆಗೆದೆ ರೇಣುಕಯ್ಯ. ಇದು ವಿಜ್ಞಾನದ ಸಂಘ ಅಲ್ವಾ?"

"ಅಂಗಾ. ಸರಿ ಬುಡಿ," ಎಂದರು. ಬೈದಿದ್ದರೆ ಚೆನ್ನಾಗಿತ್ತು.

ತಜ್ಞರು ಬಂದರು, ಚೆನ್ನಾಗಿದೆ ಎಂದರು, ಹೋದರು. ವೆಬ್‌ಸೈಟ್ ಅಚ್ಚುಕಟ್ಟಾಗಿತ್ತು, ಖಾಲಿಯಾಗಿತ್ತು. ಎರಡು ತಿಂಗಳು ಒಂದು ಪ್ರಶ್ನೆಯಿಲ್ಲ, ಒಂದು ಫೋಟೋ ಇಲ್ಲ. ಬಷೀರ್ ಸಾಬರಿಗೆ ಫೋನ್ ಮಾಡಿ ಕೇಳಿದೆ. "ಈಗ ಅಲ್ಲಿ ಬಹಳ ಅದಬ್, ಶಿಸ್ತು ಆಗ್ಬಿಟ್ಟೈತೆ ಮೇಡಂ. ನಮ್ಮಂಥೋರು ಏನಾದ್ರೂ ತಪ್ಪು ಬರೆದ್ರೆ ಅಂತ ಭಯ," ಎಂದರು. ಗಂಗಮ್ಮ ಫೋನನ್ನೇ ಎತ್ತಲಿಲ್ಲ.

ಬಸ್ಸು ಹತ್ತಿ ತೋವಿನಕೆರೆಗೆ, ರೇಣುಕಯ್ಯನವರ ಮನೆಗೆ ಹೋದೆ. ರೇಣುಕಯ್ಯ ಅಂಗಳದಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ನನಗೂ ಒಂದು ಬೊಗಸೆ ಕೊಟ್ಟರು. ತಪ್ಪಾಯಿತು ಎಂದೆ. ತಲೆ ಎತ್ತದೆ ಹೇಳಿದರು: "ಗಿಡದ ಹೆಸ್ರು ಗೊತ್ತಿಲ್ಲ ಅಂತ ಏಳ್ಕಳಾಕೆ ಜನಕ್ಕೆ ನಾಚ್ಕೆ ಮೇಡಮ್ಮೋರೆ. ಅದ್ಕೇ ಮೊದ್ಲು ಊಟ ಆಯ್ತಾ ಅಂತ ಕೇಳಾದು. ಊಟದ್ ಮಾತಾಡ್ತಾ ಆಡ್ತಾ ಗಿಡಾನೂ ಕೇಳ್ಬುಡ್ತಾರೆ. ನಿಮಗೆ ಅಂಗೆ ನಾಚ್ಕೆ ಆಗಿಲ್ಲ ಯಾವತ್ತೂ, ಅದ್ಕೇ ತಿಳೀನಿಲ್ಲ."

ಅಲ್ಲೇ ಕೂತು ನನ್ನ ಫೋನಿನಲ್ಲೇ ಜಗಲಿಯನ್ನು ಮತ್ತೆ ತೆರೆದೆ. ಅವರು ಒಬ್ಬೊಬ್ಬರಿಗೂ ಫೋನ್ ಮಾಡಿದರು. "ಬಾಗ್ಲು ತಗ್ದೈತೆ ಕಣಮ್ಮ, ಮೇಡಮ್ಮೋರೇ ಕರೀತಾವ್ರೆ," ಎಂದು ಗಂಗಮ್ಮನಿಗೆ ಹೇಳಿದ್ದನ್ನು ಕಿವಿಯಾರೆ ಕೇಳಿದೆ. ನನ್ನ ತಪ್ಪನ್ನು ಒಬ್ಬರಿಗೂ ಹೇಳಲಿಲ್ಲ ಪುಣ್ಯಾತ್ಮ. ಜನ ಬಂದರು, ಒಬ್ಬೊಬ್ಬರಾಗಿ. ಆದರೆ ಅಷ್ಟರಲ್ಲಿ ರೇಣುಕಯ್ಯನವರ ಕಣ್ಣು ಮಂಜಾಗಿತ್ತು. ಬರೆಯಲು ಆಗುತ್ತಿರಲಿಲ್ಲ. ಸೊಸೆ ಓದಿ ಹೇಳುತ್ತಿದ್ದಳು, ಇವರು ಕೇಳಿ ನಗುತ್ತಿದ್ದರಂತೆ.

ಹೋದ ಮಾಘದಲ್ಲಿ ಅವರು ತೀರಿಕೊಂಡರು. ಜಗಲಿಯಲ್ಲಿ ಎಲ್ಲರೂ ಒಂದೇ ಮಾತು ಕೇಳಿದರು: ಅವರು ಬರೆದದ್ದನ್ನೆಲ್ಲ ಒಂದು ಕಡೆ ಹಾಕಿ ಮೇಡಂ, ಓದಿಕೊಳ್ಳುತ್ತೇವೆ. ಹುಡುಕಿದೆ. ಗಿಡಗಳ ಪುಟಗಳಲ್ಲಿ ಅವರ ಒಂದು ಸಾಲೂ ಇಲ್ಲ. "ಅದು ಓದ್ದೋರ ಜಾಗ" ಎಂದು ಅಲ್ಲಿ ಎಂದೂ ಬರೆದವರಲ್ಲ. ಬರೆದದ್ದೆಲ್ಲ ನಾನು ಅಳಿಸಿದ ಜಗಲಿಯಲ್ಲೇ. ಆಗ ನಾನೇ ಮಾಡಿದ್ದೆಂದು ಎಲ್ಲರೆದುರು ಬರೆದು ಕ್ಷಮೆ ಕೇಳಿದೆ. ಯಾರೂ ಬೈಯಲಿಲ್ಲ. ನೆನಪಿದ್ದಷ್ಟನ್ನು ನೀವೇ ಬರೆಯಿರಿ ಎಂದು ಬೇಡಿಕೊಂಡೆ. ನಾರಾಯಣಪ್ಪ ಬರೆದರು, ಬಷೀರ್ ಸಾಬರು ಬರೆದರು, ಗಂಗಮ್ಮ ನಾಲ್ಕು ಸಾಲು ಬರೆದಳು.

ನಾನೂ ಬರೆಯಲು ಕೂತೆ. ಜಗಲಿ ತೆರೆದ ಹೊಸತರಲ್ಲಿ ನಾನು ಮಧುಗಿರಿಯ ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಇದ್ದೆ. ಆಗ ಆ ಜಗಲಿಯಲ್ಲಿ ನಾನೂ ಒಂದೇ ಒಂದು ಸಲ ಬರೆದಿದ್ದೆ: ಇವತ್ತು ಅಡುಗೆ ಮಾಡಿಲ್ಲ, ಯಾರಿಗಾಗಿ ಮಾಡಲಿ ಎಂದು. ಐದು ನಿಮಿಷದಲ್ಲಿ ಅದರ ಕೆಳಗೆ ರೇಣುಕಯ್ಯ ಒಂದು ಸಾಲು ಬರೆದಿದ್ದರು. ಅದನ್ನು ಓದಿ ನಾನು ಗಟ್ಟಿಯಾಗಿ ನಕ್ಕದ್ದು ನೆನಪಿದೆ, ಎದ್ದು ಹೋಗಿ ಒಲೆ ಹಚ್ಚಿ ಅಕ್ಕಿ ಇಟ್ಟದ್ದು ನೆನಪಿದೆ. ಅವರು ಏನು ಬರೆದಿದ್ದರು ಎಂಬುದು ಮಾತ್ರ, ಎಷ್ಟು ತಿಣುಕಿದರೂ, ನೆನಪಾಗುತ್ತಿಲ್ಲ.